ಔಷಧದ ಹರಳನ್ನು ಗುರುತಿಸುವ ಬಗೆ: ಪುಡಿಯ ಕ್ಷ-ಕಿರಣ ವಿವರ್ತನೆ

ಔಷಧದ ಗುಣವು ಅದರ ಅಣುವಿನ ರಚನೆಯನ್ನು ಅವಲಂಬಿಸಿದೆ ಎಂಬುದು ಸಾಮಾನ್ಯ ತಿಳಿವಳಿಕೆ. ಇದು ನಿಜ, ಆದರೆ ಪೂರ್ಣ ನಿಜವಲ್ಲ. ಗುಳಿಗೆಯೊಳಗೆ ಆ ಅಣುಗಳು ಯಾವ ರೀತಿಯಲ್ಲಿ ಜೋಡಣೆಗೊಂಡಿವೆ ಎಂಬುದೂ ಮುಖ್ಯ. ಒಂದೇ ಬಗೆಯ ಅಣುಗಳಿಂದ ಎರಡು ಮೂರು ವಿಧದ ಹರಳುಗಳು ರೂಪುಗೊಳ್ಳಬಹುದು. ಅವುಗಳಲ್ಲಿ ಒಂದು ಹೊಟ್ಟೆಯಲ್ಲಿ ಬೇಗ ಕರಗಿ ರಕ್ತವನ್ನು ಸೇರಬಹುದು. ಇನ್ನೊಂದು ಬಹುಪಾಲು ಕರಗದೆಯೇ ದೇಹದಿಂದ ಹೊರಬೀಳಬಹುದು. ನೋಡಲು ಎರಡೂ ಬಿಳಿಯ ಪುಡಿಗಳೇ. ದ್ರಾವಣ ಮಾಡಿ ನಡೆಸುವ ರಾಸಾಯನಿಕ ಪರೀಕ್ಷೆಗಳಿಗೂ ಇವುಗಳ ಭೇದ ತಿಳಿಯದು. ಏಕೆಂದರೆ ಕರಗಿದೊಡನೆ ಹರಳಿನ ರೂಪವೇ ಇಲ್ಲವಾಗುತ್ತದೆ. ಘನಸ್ಥಿತಿಯಲ್ಲಿಯೇ ಈ ಭೇದವನ್ನು ಸ್ಪಷ್ಟವಾಗಿ ತೋರಿಸಿಕೊಡುವ ವಿಧಾನಗಳಲ್ಲಿ ಪುಡಿಯ ಕ್ಷ-ಕಿರಣ ವಿವರ್ತನೆಯು ಪ್ರಧಾನವಾದುದು.

ಮುಂಬಯಿ ನಗರವು ನಮ್ಮ ದೇಶದ ಔಷಧ ಉದ್ಯಮದ ಹಳೆಯ ನೆಲೆಗಳಲ್ಲೊಂದು. ಸಿಪ್ಲಾ ಸಂಸ್ಥೆಯು 1935ರಲ್ಲಿ ಇಲ್ಲಿಯೇ ಆರಂಭವಾಯಿತು. ಅದಕ್ಕೆ ಎರಡು ವರ್ಷ ಮೊದಲು, 1933ರಲ್ಲಿ, ಮುಂಬಯಿ ವಿಶ್ವವಿದ್ಯಾನಿಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗವು ಸ್ಥಾಪಿತವಾಯಿತು. ಮಾಟುಂಗದಲ್ಲಿರುವ ಇಂದಿನ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯು ಅದರ ಮುಂದುವರಿಕೆ. ಪರೇಲಿನಲ್ಲಿ 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಪ್ರಾರಂಭವಾಯಿತು. ಔಷಧ ತಯಾರಿಸುವವರು, ಅದನ್ನು ಅಭ್ಯಾಸ ಮಾಡುವವರು, ಅದಕ್ಕಾಗಿ ಕಾದಿರುವವರು ಎಲ್ಲರೂ ಒಂದೇ ನಗರದಲ್ಲಿ ನೆರೆದಿರುವ ಈ ಸ್ಥಳದಿಂದ, ಹರಳಿನ ರೂಪವೊಂದನ್ನು ಕುರಿತ ದೊಡ್ಡ ಮೊಕದ್ದಮೆಯಲ್ಲಿ ರೋಗಿಗಳ ದನಿಯೂ ಕೇಳಿಬಂದದ್ದು ಸಹಜವೇ ಆಗಿದೆ. ಆ ಪ್ರಸಂಗವನ್ನು ತಿಳಿಯುವ ಮೊದಲು ಹರಳು ಎಂದರೇನು, ಅದನ್ನು ಗುರುತಿಸುವುದು ಹೇಗೆ ಎಂಬುದನ್ನು ನೋಡೋಣ.

ಒಂದೇ ವಸ್ತು, ಹಲವು ರೂಪ

ಕಲ್ಲುಸಕ್ಕರೆ ಮತ್ತು ಜಾತ್ರೆಯಲ್ಲಿ ಮಾರುವ ಬಾಂಬೆ ಮಿಠಾಯಿ ಇವೆರಡನ್ನೂ ನಾವು ಬಲ್ಲೆವು. ಹತ್ತಿಯಂತೆ ಹಗುರವಾದ ಆ ಮಿಠಾಯಿಯಲ್ಲಿ ಬಣ್ಣವನ್ನುಳಿದು ಇರುವುದೆಲ್ಲ ಸಕ್ಕರೆಯೇ. ಕಲ್ಲುಸಕ್ಕರೆಯಲ್ಲಿ ಸಕ್ಕರೆಯ ಅಣುಗಳು ಸಾಲು ಸಾಲಾಗಿ, ಒಂದೇ ಕ್ರಮದಲ್ಲಿ, ಮೂರು ದಿಕ್ಕುಗಳಲ್ಲಿಯೂ ಪುನರಾವರ್ತನೆಗೊಂಡಿರುತ್ತವೆ. ಇಂತಹ ಜೋಡಣೆಯುಳ್ಳ ಘನವಸ್ತುವನ್ನು ಸ್ಫಟಿಕ ಅಥವಾ ಹರಳು ಎನ್ನುತ್ತೇವೆ. ಬಾಂಬೆ ಮಿಠಾಯಿಯಲ್ಲಾದರೋ ಕರಗಿದ ಸಕ್ಕರೆಯು ಎಳೆಯಾಗಿ ಹೊರಬಂದು ಕ್ಷಣಮಾತ್ರದಲ್ಲಿ ತಣಿಯುವುದರಿಂದ ಅಣುಗಳಿಗೆ ಸಾಲುಗೂಡಲು ಸಮಯ ಸಿಗುವುದಿಲ್ಲ. ಅವು ಸಂತೆಯ ಜನರಂತೆ ಚದುರಿದ ಸ್ಥಿತಿಯಲ್ಲಿಯೇ ಗಟ್ಟಿಯಾಗುತ್ತವೆ. ಇದು ಅಸ್ಫಟಿಕ ರೂಪ. ಕಲ್ಲುಸಕ್ಕರೆಯನ್ನು ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಡಬಹುದು; ಬಾಂಬೆ ಮಿಠಾಯಿಯು ಮಳೆಗಾಲದ ಗಾಳಿಗೆ ಕೆಲವೇ ನಿಮಿಷಗಳಲ್ಲಿ ತೇವವನ್ನು ಹೀರಿ ಕುಗ್ಗಿ ಅಂಟಾಗುತ್ತದೆ. ಅಣು ಒಂದೇ, ಸ್ವಭಾವ ಬೇರೆ.

ಔಷಧಗಳಲ್ಲಿ ಈ ಭೇದವು ಮುಖ್ಯವಾಗಿ ಮೂರು ಬಗೆಯಾಗಿ ಕಂಡುಬರುತ್ತದೆ. ಒಂದೇ ಅಣುವು ಎರಡು ಅಥವಾ ಹೆಚ್ಚು ರೀತಿಯ ಕ್ರಮಬದ್ಧ ಜೋಡಣೆಗಳನ್ನು ಹೊಂದುವುದು ಮೊದಲನೆಯದು. ಇದನ್ನು ಬಹುರೂಪತೆ ಎನ್ನುತ್ತಾರೆ. ಹರಳಿನೊಳಗೆ ನೀರಿನ ಅಥವಾ ದ್ರಾವಕದ ಅಣುಗಳೂ ಸ್ಥಾನ ಪಡೆಯುವುದು ಎರಡನೆಯದು. ನೀರು ಸೇರಿದಾಗ ಅದು ಜಲಯುಕ್ತ ರೂಪ. ಕ್ರಮವೇ ಇಲ್ಲದ ಅಸ್ಫಟಿಕ ರೂಪವು ಮೂರನೆಯದು. ಅಣುಗಳು ಹೀಗೆ ಒಂದನ್ನೊಂದು ಹಿಡಿದುಕೊಳ್ಳುವ ಬಗೆಯನ್ನು ಅರಿತು ಬೇಕಾದ ಹರಳನ್ನು ಯೋಜಿಸುವ ಶಾಸ್ತ್ರವೂ ಇಂದು ಬೆಳೆದಿದೆ. ಅದರ ಪ್ರಮುಖ ವಿದ್ವಾಂಸರಲ್ಲೊಬ್ಬರಾದ ಗೌತಮ ದೇಸಿರಾಜು ಅವರು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪದವಿ ಪಡೆದು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದವರು.

ರೂಪ ಬದಲಾದರೆ ಆಗುವುದೇನು?

ಹರಳಿನೊಳಗೆ ಅಣುಗಳು ಬಿಗಿಯಾಗಿ ಹೆಣೆದುಕೊಂಡಷ್ಟೂ ಅವುಗಳನ್ನು ಬಿಡಿಸಿ ನೀರಿಗೆ ಎಳೆಯುವುದು ಕಷ್ಟ. ಆದುದರಿಂದ ಹೆಚ್ಚು ಸ್ಥಿರವಾದ ರೂಪವು ಸಾಮಾನ್ಯವಾಗಿ ಕಡಿಮೆ ಕರಗುತ್ತದೆ. ಕಡಿಮೆ ಸ್ಥಿರವಾದ ರೂಪವು ಹೆಚ್ಚು ಕರಗಿದರೂ ಕಾಲಾಂತರದಲ್ಲಿ ಸ್ಥಿರ ರೂಪಕ್ಕೆ ತಿರುಗುವ ಅಪಾಯವಿರುತ್ತದೆ.

ಕ್ಲೋರಾಂಫೆನಿಕಾಲ್ ಪಾಮಿಟೇಟ್ ಎಂಬ ಪ್ರತಿಜೀವಕವು ಇದಕ್ಕೆ ಹಳೆಯ ಉದಾಹರಣೆ. ಇದರ ಬಿ ರೂಪವನ್ನು ಸೇವಿಸಿದಾಗ ಔಷಧವು ರಕ್ತದಲ್ಲಿ ಸಾಕಷ್ಟು ಪ್ರಮಾಣದಲ್ಲಿ ಕಂಡುಬಂದರೆ, ಎ ರೂಪವನ್ನು ಸೇವಿಸಿದಾಗ ಅತ್ಯಲ್ಪವಾಗಿ ಕಂಡುಬಂದುದನ್ನು 1967ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಈ ಕಾರಣದಿಂದಲೇ ಔಷಧ ಸಂಹಿತೆಗಳು ಎ ರೂಪದ ಪ್ರಮಾಣವು ಶೇಕಡ 10ನ್ನು ಮೀರಬಾರದೆಂದು ಮಿತಿ ವಿಧಿಸಿದವು. ಜಂತುಹುಳುಗಳಿಗೆ ಕೊಡುವ ಮೆಬೆಂಡಝೋಲಿಗೂ ಎ, ಬಿ, ಸಿ ಎಂಬ ಮೂರು ರೂಪಗಳುಂಟು. ಚಿಕಿತ್ಸೆಗೆ ಸಿ ರೂಪವು ಯೋಗ್ಯವೆಂದು ಪರಿಗಣಿತವಾಗಿದೆ.

ಏಡ್ಸ್ ರೋಗಿಗಳಿಗಾಗಿ 1996ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ರಿಟೊನಾವಿರ್ ಔಷಧದ ಕಥೆ ಇನ್ನೂ ಗಂಭೀರವಾದುದು. ಎರಡು ವರ್ಷ ಯಾವ ತೊಂದರೆಯೂ ಇಲ್ಲದೆ ತಯಾರಾಗುತ್ತಿದ್ದ ಕ್ಯಾಪ್ಸೂಲುಗಳು 1998ರಲ್ಲಿ ಇದ್ದಕ್ಕಿದ್ದಂತೆ ಕರಗುವಿಕೆಯ ಪರೀಕ್ಷೆಯಲ್ಲಿ ಅನುತ್ತೀರ್ಣವಾಗತೊಡಗಿದವು. ಅದುವರೆಗೆ ಯಾರೂ ಕಂಡಿರದ, ಹೆಚ್ಚು ಸ್ಥಿರವಾದ ಹಾಗೂ ಬಹಳ ಕಡಿಮೆ ಕರಗುವ ಎರಡನೆಯ ರೂಪವೊಂದು ಅವುಗಳಲ್ಲಿ ಹುಟ್ಟಿಕೊಂಡಿತ್ತು. ಕ್ಯಾಪ್ಸೂಲುಗಳನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡು, ಔಷಧದ ತಯಾರಿಕೆಯನ್ನೇ ಹೊಸದಾಗಿ ರೂಪಿಸಬೇಕಾಯಿತು. ಅಣುವಿನಲ್ಲಿ ಒಂದು ಪರಮಾಣುವೂ ಬದಲಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಮುಂಬಯಿಯಂತಹ ಕಡಲತೀರದ ಊರಿನವರು ವಿಶೇಷವಾಗಿ ಅರಿತಿರಬೇಕಾದ ಉದಾಹರಣೆಯೊಂದಿದೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಝೆಪೀನ್ ತೇವದ ವಾತಾವರಣದಲ್ಲಿ ನೀರನ್ನು ಕೂಡಿಸಿಕೊಂಡು ಜಲಯುಕ್ತ ರೂಪಕ್ಕೆ ತಿರುಗಬಲ್ಲದು. ಆಗ ಗುಳಿಗೆಯು ಗಡುಸಾಗಿ ನಿಧಾನವಾಗಿ ಕರಗುತ್ತದೆ. ತೇವದಲ್ಲಿಟ್ಟ ಈ ಗುಳಿಗೆಗಳು ತಮ್ಮ ಶಕ್ತಿಯ ಮೂರನೆಯ ಒಂದು ಭಾಗವನ್ನೋ ಅದಕ್ಕೂ ಹೆಚ್ಚನ್ನೋ ಕಳೆದುಕೊಳ್ಳಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಆಡಳಿತವು 1990ರಲ್ಲಿ ಎಚ್ಚರಿಸಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುವ ನಗರದಲ್ಲಿ ಈ ಎಚ್ಚರಿಕೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಷ-ಕಿರಣವು ತೋರಿಸಿದ ದಾರಿ

ರಾಂಟ್ಜೆನ್ ಅವರು 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದರು. ಹರಳಿನ ಮೂಲಕ ಹಾಯುವಾಗ ಈ ಕಿರಣಗಳು ಕ್ರಮಬದ್ಧವಾಗಿ ಚದುರಿ ಚುಕ್ಕೆಗಳ ವಿನ್ಯಾಸವನ್ನು ಮೂಡಿಸುತ್ತವೆಂಬುದು 1912ರಲ್ಲಿ ಜರ್ಮನಿಯ ಲಾವೆ ಮತ್ತು ಅವರ ಸಹೋದ್ಯೋಗಿಗಳಿಂದ ತಿಳಿದುಬಂದಿತು. ಇದೇ ವಿವರ್ತನೆ. ಹರಳಿನಲ್ಲಿ ಪರಮಾಣುಗಳ ನಡುವಣ ಅಂತರವೂ ಕ್ಷ-ಕಿರಣದ ತರಂಗದೂರವೂ ಹೆಚ್ಚುಕಡಿಮೆ ಒಂದೇ ಅಳತೆಯವಾಗಿರುವುದೇ ಇದಕ್ಕೆ ಕಾರಣ. ಮರುವರ್ಷ ಇಂಗ್ಲೆಂಡಿನ ಬ್ರ್ಯಾಗ್ ತಂದೆ ಮಕ್ಕಳು ಈ ವಿನ್ಯಾಸದಿಂದ ಹರಳಿನ ಒಳರಚನೆಯನ್ನು ಲೆಕ್ಕ ಹಾಕುವ ಮಾರ್ಗವನ್ನು ತೋರಿಸಿಕೊಟ್ಟು, 1915ರ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು.

ಹರಳಿನಲ್ಲಿ ಪರಮಾಣುಗಳು ಸ್ತರ ಸ್ತರವಾಗಿ ನೆಲೆಸಿವೆಯೆಂದು ಭಾವಿಸೋಣ. ಕ್ಷ-ಕಿರಣವು ಮೇಲಿನ ಸ್ತರದಿಂದಲೂ ಅದರ ಕೆಳಗಿನ ಸ್ತರದಿಂದಲೂ ಹಿಂದಿರುಗುತ್ತದೆ. ಕೆಳಗಿನಿಂದ ಬಂದ ಕಿರಣವು ಸ್ವಲ್ಪ ಹೆಚ್ಚು ದೂರ ಸಾಗಿರುತ್ತದೆ. ಈ ಹೆಚ್ಚಿನ ದೂರವು ತರಂಗದೂರದಷ್ಟೇ ಅಥವಾ ಅದರ ಪೂರ್ಣ ಗುಣಕದಷ್ಟು ಇದ್ದರೆ ಎರಡು ಅಲೆಗಳೂ ಹೆಜ್ಜೆಗೂಡಿ ಬಲಗೊಳ್ಳುತ್ತವೆ. ಇಲ್ಲವಾದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಆದ್ದರಿಂದ ಕೆಲವು ನಿರ್ದಿಷ್ಟ ಕೋನಗಳಲ್ಲಿ ಮಾತ್ರ ಕಿರಣವು ಪ್ರಬಲವಾಗಿ ಕಾಣಿಸುತ್ತದೆ. ಸ್ತರಗಳ ಅಂತರದ ಎರಡರಷ್ಟನ್ನು ಕೋನದ ಸೈನ್ ಬೆಲೆಯಿಂದ ಗುಣಿಸಿದರೆ ತರಂಗದೂರ ಅಥವಾ ಅದರ ಪೂರ್ಣ ಗುಣಕ ದೊರೆಯಬೇಕು. ಇದೇ ಬ್ರ್ಯಾಗ್ ನಿಯಮ.

ಅಡುಗೆ ಉಪ್ಪಿನಿಂದ ಇದನ್ನು ಲೆಕ್ಕ ಹಾಕಿ ನೋಡಬಹುದು. ಉಪ್ಪಿನ ಹರಳಿನಲ್ಲಿ ಒಂದು ಮುಖ್ಯ ಸ್ತರಸಮೂಹದ ಅಂತರವು 2.82 ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯ ಒಂದು ಭಾಗ. ಪ್ರಯೋಗಶಾಲೆಗಳಲ್ಲಿ ಸಾಮಾನ್ಯವಾಗಿ ಬಳಸುವ ತಾಮ್ರದ ಕ್ಷ-ಕಿರಣದ ತರಂಗದೂರ 1.5406 ಆಂಗ್‌ಸ್ಟ್ರಾಮ್. ಇದನ್ನು 2.82ರ ಎರಡರಷ್ಟರಿಂದ, ಅಂದರೆ 5.64ರಿಂದ ಭಾಗಿಸಿದರೆ 0.273 ಬರುತ್ತದೆ. ಈ ಸೈನ್ ಬೆಲೆಗೆ ಸಲ್ಲುವ ಕೋನ 15.85 ಡಿಗ್ರಿ. ಉಪಕರಣವು ಇದರ ಎರಡರಷ್ಟನ್ನು ದಾಖಲಿಸುವುದರಿಂದ ನಕ್ಷೆಯಲ್ಲಿ 31.7 ಡಿಗ್ರಿಯ ಬಳಿ ಎತ್ತರದ ಶಿಖರವೊಂದು ಕಾಣಿಸಿಕೊಳ್ಳುತ್ತದೆ. ಮುಂಬಯಿಯ ಪೂರ್ವ ಉಪನಗರಗಳ ಆಗರಗಳಲ್ಲಿ ತೆಗೆದ ಉಪ್ಪಾಗಲಿ, ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಾಗಲಿ, ಈ ಶಿಖರವು ಅದೇ ಸ್ಥಾನದಲ್ಲಿಯೇ ಇರುತ್ತದೆ. ಊರು ಬದಲಾದರೂ ಹರಳಿನ ಅಂತರ ಬದಲಾಗುವುದಿಲ್ಲ.

ಪುಡಿಯೇ ಏಕೆ?

ಬ್ರ್ಯಾಗ್ ಅವರ ವಿಧಾನಕ್ಕೆ ದೋಷವಿಲ್ಲದ ಒಂಟಿ ಹರಳು ಬೇಕು. ಔಷಧಗಳು ಸಾಮಾನ್ಯವಾಗಿ ನುಣುಪಾದ ಪುಡಿಯಾಗಿ ದೊರೆಯುತ್ತವೆ. ಈ ತೊಡಕನ್ನು ಡಿಬೈ ಮತ್ತು ಷೆರರ್ ಅವರು 1916ರಲ್ಲಿ, ಅಮೆರಿಕದ ಹಲ್ ಅವರು ಸ್ವತಂತ್ರವಾಗಿ 1917ರಲ್ಲಿ ನಿವಾರಿಸಿದರು. ಪುಡಿಯಲ್ಲಿ ಲಕ್ಷಾಂತರ ಸೂಕ್ಷ್ಮ ಹರಳುಗಳು ಎಲ್ಲ ದಿಕ್ಕುಗಳಿಗೂ ಮುಖಮಾಡಿ ಬಿದ್ದಿರುತ್ತವೆ. ಕಿರಣವು ಯಾವ ಕೋನದಲ್ಲಿ ಬಂದರೂ ಅದಕ್ಕೆ ತಕ್ಕಂತೆ ನಿಂತಿರುವ ಕೆಲವು ಹರಳುಗಳು ಅಲ್ಲಿ ಇದ್ದೇ ಇರುತ್ತವೆ. ಹೀಗಾಗಿ ಎಲ್ಲ ಸ್ತರಗಳ ಶಿಖರಗಳೂ ಒಂದೇ ನಕ್ಷೆಯಲ್ಲಿ ಮೂಡುತ್ತವೆ.

ಈ ನಕ್ಷೆಯನ್ನು ವಸ್ತುವಿನ ಬೆರಳಚ್ಚು ಎಂದು ಕರೆಯಬಹುದು. ಅಪರಿಚಿತ ಪುಡಿಯ ಬೆರಳಚ್ಚನ್ನು ಪರಿಚಿತ ವಸ್ತುಗಳ ಬೆರಳಚ್ಚುಗಳೊಡನೆ ಹೋಲಿಸಿ ಗುರುತಿಸುವ ಕ್ರಮವು 1938ರಲ್ಲಿ ಹನವಾಲ್ಟ್ ಮತ್ತು ಅವರ ಸಂಗಡಿಗರಿಂದ ವ್ಯವಸ್ಥಿತ ರೂಪ ಪಡೆಯಿತು. ಅಂದು ಕಾರ್ಡುಗಳಲ್ಲಿ ಮುದ್ರಿತವಾಗುತ್ತಿದ್ದ ಈ ಸಂಗ್ರಹವು ಇಂದು ಗಣಕಯಂತ್ರದಲ್ಲಿ ಲಭ್ಯವಿದೆ.

ಪ್ರಯೋಗಶಾಲೆಯ ಕ್ರಮ

ಪರೀಕ್ಷೆಯ ಕ್ರಮ ಸರಳ. ಮಾದರಿಯನ್ನು ಕಲ್ವದಲ್ಲಿ ಹಗುರವಾಗಿ ಅರೆದು, ತಟ್ಟೆಯ ತಗ್ಗಿನಲ್ಲಿ ತುಂಬಿ ಮೇಲ್ಮೈಯನ್ನು ಸಮತಟ್ಟಾಗಿಸುತ್ತಾರೆ. ಸೀಸದ ರಕ್ಷಣೆಯುಳ್ಳ ಪೆಟ್ಟಿಗೆಯೊಳಗೆ ಕ್ಷ-ಕಿರಣವನ್ನು ಹಾಯಿಸಿ, ಶೋಧಕವನ್ನು ಸುಮಾರು 2 ಅಥವಾ 3 ಡಿಗ್ರಿಯಿಂದ 40 ಡಿಗ್ರಿಯವರೆಗೆ ನಿಧಾನವಾಗಿ ಚಲಿಸುವಂತೆ ಮಾಡುತ್ತಾರೆ. ಪ್ರತಿ ಕೋನದಲ್ಲಿಯೂ ಬಂದ ಕಿರಣದ ಪ್ರಮಾಣವು ದಾಖಲಾಗಿ ನಕ್ಷೆ ಸಿದ್ಧವಾಗುತ್ತದೆ. ಮಾದರಿಯು ನಾಶವಾಗದೆ ಉಳಿಯುವುದು ಈ ವಿಧಾನದ ಒಂದು ಅನುಕೂಲ. ಉಪಕರಣದ ಕೋನಮಾಪನವು ಸರಿಯಾಗಿದೆಯೇ ಎಂಬುದನ್ನು ಸಿಲಿಕಾನ್‌ನಂತಹ ಪ್ರಮಾಣವಸ್ತುವಿನಿಂದ ಆಗಾಗ್ಗೆ ಪರಿಶೀಲಿಸಬೇಕು.

ನಕ್ಷೆಯನ್ನು ಓದುವಾಗ ಶಿಖರಗಳ ಸ್ಥಾನಕ್ಕೆ ಮೊದಲ ಗಮನ ಸಲ್ಲಬೇಕು. ಮಾದರಿಯ ಶಿಖರಗಳು ಪ್ರಮಾಣವಸ್ತುವಿನ ಶಿಖರಗಳಿಂದ 0.2 ಡಿಗ್ರಿಗಿಂತ ಹೆಚ್ಚು ಸರಿದಿರಬಾರದೆಂಬುದು ಸಾಮಾನ್ಯ ನಿಯಮ. ಶಿಖರಗಳ ಎತ್ತರವು ಅಷ್ಟು ನಂಬಿಕೆಗೆ ಅರ್ಹವಲ್ಲ. ಸೂಜಿಯಂತೆ ಅಥವಾ ಹಾಳೆಯಂತೆ ಇರುವ ಹರಳುಗಳು ತಟ್ಟೆಯಲ್ಲಿ ಒಂದೇ ಕಡೆಗೆ ಒರಗಿ ಮಲಗುವುದರಿಂದ ಕೆಲವು ಶಿಖರಗಳು ಅತಿಯಾಗಿ ಬೆಳೆದು, ಕೆಲವು ಅಡಗಿಹೋಗುತ್ತವೆ. ಅಸ್ಫಟಿಕ ವಸ್ತುವಿನಿಂದ ಚೂಪಾದ ಶಿಖರಗಳು ಬರುವುದಿಲ್ಲ. ಅಗಲವಾದ ಒಂದು ಉಬ್ಬು ಮಾತ್ರ ಕಾಣಿಸುತ್ತದೆ. ಕಲ್ಲುಸಕ್ಕರೆಯ ನಕ್ಷೆಯು ಸಾಲು ಗೋಪುರಗಳಂತಿದ್ದರೆ, ಆಗತಾನೆ ತೆಗೆದ ಬಾಂಬೆ ಮಿಠಾಯಿಯ ನಕ್ಷೆಯು ಬೋಳುಗುಡ್ಡದಂತಿರುತ್ತದೆ.

ಪರೀಕ್ಷಕನು ನೆನಪಿಡಬೇಕಾದ ಮಿತಿಗಳೂ ಇವೆ. ಬಲವಾಗಿ ಅರೆದರೆ ಆ ಅರೆಯುವಿಕೆಯೇ ಹರಳಿನ ರೂಪವನ್ನು ಬದಲಿಸಬಹುದು. ಗುಳಿಗೆಯಲ್ಲಿ ಔಷಧದ ಜೊತೆಗೆ ಲ್ಯಾಕ್ಟೋಸ್, ಪಿಷ್ಟ ಮುಂತಾದ ಸಹಾಯಕ ವಸ್ತುಗಳಿರುವುದರಿಂದ ಅವುಗಳ ಶಿಖರಗಳು ಔಷಧದ ಶಿಖರಗಳನ್ನು ಮರೆಮಾಡಬಹುದು. ಶೇಕಡ ಒಂದೆರಡರಷ್ಟು ಮಾತ್ರ ಬೆರೆತ ಬೇಡದ ರೂಪವು ಸಾಧಾರಣ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು. ಆದುದರಿಂದ ಕಾಯಿಸಿ ತೂಕ ನೋಡುವ ಪರೀಕ್ಷೆ, ಕರಗುಬಿಂದುವಿನ ಪರೀಕ್ಷೆ, ಅವಕೆಂಪು ಕಿರಣದ ಪರೀಕ್ಷೆ ಇವುಗಳ ಸಾಕ್ಷ್ಯವನ್ನೂ ಕೂಡಿಸಿ ನಿರ್ಣಯಕ್ಕೆ ಬರುವುದು ವಿವೇಕ.

ಒಂದು ಹರಳು, ಒಂದು ಮೊಕದ್ದಮೆ

ದೀರ್ಘಕಾಲಿಕ ಮೈಲಾಯ್ಡ್ ರಕ್ತಕ್ಯಾನ್ಸರಿಗೆ ಇಮಾಟಿನಿಬ್ ಎಂಬ ಔಷಧವು ಮಹತ್ವದ ಚಿಕಿತ್ಸೆ. ಅದರ ಮೆಸಿಲೇಟ್ ಲವಣಕ್ಕೆ ಆಲ್ಫಾ, ಬೀಟಾ ಎಂಬ ಹರಳಿನ ರೂಪಗಳುಂಟು. ಆಲ್ಫಾ ರೂಪವು ಸೂಜಿಯಾಕಾರದ್ದು, ತೇವವನ್ನು ಹೀರುತ್ತದೆ, ಯಂತ್ರದಲ್ಲಿ ಸರಾಗವಾಗಿ ಹರಿಯುವುದಿಲ್ಲ. ಬೀಟಾ ರೂಪವು ಹೆಚ್ಚು ಸ್ಥಿರ. ತೇವವನ್ನು ಕಡಿಮೆ ಹೀರುತ್ತದೆ. ಗುಳಿಗೆ ಮಾಡಲು ಅನುಕೂಲ. ಪೇಟೆಂಟ್ ದಾಖಲೆಗಳಲ್ಲಿ ಇವೆರಡನ್ನೂ ಪ್ರತ್ಯೇಕಿಸಿರುವುದು ಪುಡಿಯ ಕ್ಷ-ಕಿರಣ ನಕ್ಷೆಯಿಂದಲೇ. ಆಲ್ಫಾ ರೂಪದ ಪಟ್ಟಿಯಲ್ಲಿ 4.9 ಡಿಗ್ರಿಯಲ್ಲಿ ಶಿಖರವಿದೆ. ಬೀಟಾ ರೂಪದ ಪಟ್ಟಿ 9.7 ಡಿಗ್ರಿಯಿಂದ ಆರಂಭವಾಗುತ್ತದೆ. ಬ್ರ್ಯಾಗ್ ನಿಯಮದಂತೆ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 18 ಆಂಗ್‌ಸ್ಟ್ರಾಮ್, ಎರಡನೆಯದು ಸುಮಾರು 9.1 ಆಂಗ್‌ಸ್ಟ್ರಾಮ್ ಅಂತರವನ್ನು ಸೂಚಿಸುತ್ತದೆ.

ಈ ಬೀಟಾ ರೂಪಕ್ಕೆ ಪೇಟೆಂಟ್ ಕೋರಿ ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಕಂಪನಿಯು 1998ರ ಜುಲೈ ತಿಂಗಳಿನಲ್ಲಿ ಚೆನ್ನೈಯ ಪೇಟೆಂಟ್ ಕಚೇರಿಗೆ ಅರ್ಜಿ ಸಲ್ಲಿಸಿತು. 1970ರ ಪೇಟೆಂಟ್ ಕಾಯಿದೆಯ ಮೇರೆಗೆ ನಮ್ಮಲ್ಲಿ ಔಷಧವಸ್ತುವಿಗೆ ಪೇಟೆಂಟ್ ಇರಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ 2005ರಿಂದ ವಸ್ತುವಿಗೂ ಪೇಟೆಂಟ್ ನೀಡಬೇಕಾಯಿತು. ಅದೇ ವರ್ಷ ತಿದ್ದುಪಡಿಯಾದ 3(ಡಿ) ವಿಧಿಯು, ಈಗಾಗಲೇ ತಿಳಿದಿರುವ ವಸ್ತುವಿನ ಹೊಸ ರೂಪವು ಅದರ ಪರಿಣಾಮಕಾರಿತ್ವವನ್ನು ಹೆಚ್ಚಿಸದಿದ್ದಲ್ಲಿ ಅದನ್ನು ಆವಿಷ್ಕಾರವೆಂದು ಪರಿಗಣಿಸಲಾಗದು ಎಂದು ವಿಧಿಸಿತು. ವಿಧಿಯ ವಿವರಣೆಯಲ್ಲಿ ಬಹುರೂಪಗಳ ಹೆಸರು ಸ್ಪಷ್ಟವಾಗಿಯೇ ಇದೆ.

ಇದಕ್ಕೂ ಮೊದಲು, 2003ರ ನವೆಂಬರ್‌ನಲ್ಲಿ, ಕಂಪನಿಗೆ ಈ ಔಷಧವನ್ನು ಮಾರುವ ಏಕಾಧಿಕಾರವು ದೊರೆತಿತ್ತು. ಅದರ ಬಲದಿಂದ ಇತರ ತಯಾರಕರನ್ನು ತಡೆಯಲು ದಾವೆಗಳು ಹೂಡಲ್ಪಟ್ಟವು. ಮದರಾಸು ಉಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿದರೆ, ಮುಂಬಯಿ ಉಚ್ಚ ನ್ಯಾಯಾಲಯವು ನೀಡಲು ನಿರಾಕರಿಸಿತು. ಅಂದಿನ ವರದಿಗಳಂತೆ ಕಂಪನಿಯ ಔಷಧಕ್ಕೆ ತಿಂಗಳಿಗೆ ಸುಮಾರು 1,20,000 ರೂಪಾಯಿ ತಗಲುತ್ತಿದ್ದರೆ, ದೇಶೀಯ ತಯಾರಿಕೆಗೆ ಸುಮಾರು 8,000ದಿಂದ 10,000 ರೂಪಾಯಿ ತಗಲುತ್ತಿತ್ತು. ಕಂಪನಿಯು ಅನೇಕ ರೋಗಿಗಳಿಗೆ ಉಚಿತವಾಗಿ ಔಷಧ ಒದಗಿಸುವ ಯೋಜನೆಯನ್ನೂ ನಡೆಸುತ್ತಿದ್ದುದು ನಿಜ. ಆದರೆ ದಿನವೂ, ವರ್ಷಗಟ್ಟಲೆ ಸೇವಿಸಬೇಕಾದ ಔಷಧದ ಬೆಲೆಯಲ್ಲಿ ಇಷ್ಟು ಅಂತರವಿದ್ದಾಗ ಪ್ರಶ್ನೆಯು ಪ್ರಯೋಗಶಾಲೆಯ ಗೋಡೆಗಳೊಳಗೆ ಉಳಿಯಲಾರದು.

1969ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಗಿದ್ದ ಕ್ಯಾನ್ಸರ್ ಪೇಷೆಂಟ್ಸ್ ಏಡ್ ಅಸೋಸಿಯೇಷನ್ ಎಂಬ ಸೇವಾಸಂಸ್ಥೆಯು ಅರ್ಜಿಯನ್ನು ವಿರೋಧಿಸಿತು. ಸಿಪ್ಲಾ, ನ್ಯಾಟ್ಕೊ ಮೊದಲಾದ ತಯಾರಕರೂ ವಿರೋಧ ಸಲ್ಲಿಸಿದರು. 2006ರ ಜನವರಿಯಲ್ಲಿ ಪೇಟೆಂಟ್ ಕಚೇರಿಯು ಅರ್ಜಿಯನ್ನು ತಿರಸ್ಕರಿಸಿತು. 3(ಡಿ) ವಿಧಿಯನ್ನೇ ಪ್ರಶ್ನಿಸಿದ ಮನವಿಯನ್ನು ಮದರಾಸು ಉಚ್ಚ ನ್ಯಾಯಾಲಯವು 2007ರಲ್ಲಿ ವಜಾ ಮಾಡಿತು. ಮೇಲ್ಮನವಿ ಮಂಡಲಿಯೂ 2009ರಲ್ಲಿ ಪೇಟೆಂಟನ್ನು ನಿರಾಕರಿಸಿತು. ಕೊನೆಗೆ 2013ರ ಏಪ್ರಿಲ್ 1ರಂದು ನ್ಯಾಯಮೂರ್ತಿಗಳಾದ ಆಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಅವರ ಸರ್ವೋಚ್ಚ ನ್ಯಾಯಾಲಯದ ಪೀಠವು ಕಂಪನಿಯ ಮೇಲ್ಮನವಿಯನ್ನು ವಜಾಗೊಳಿಸಿತು.

ತೀರ್ಪಿನ ತಿರುಳನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಬೀಟಾ ಹರಳಿಗೆ ತನ್ನದೇ ಆದ ಬೆರಳಚ್ಚು ಇದೆಯೆಂಬ ಮಾತ್ರಕ್ಕೆ ಪ್ರಶ್ನೆಯು ಇತ್ಯರ್ಥವಾಗುವಂತಿರಲಿಲ್ಲ. ಔಷಧದ ವಿಷಯದಲ್ಲಿ ಪರಿಣಾಮಕಾರಿತ್ವವೆಂದರೆ ರೋಗವನ್ನು ಗುಣಪಡಿಸುವ ಶಕ್ತಿ ಎಂದು ನ್ಯಾಯಾಲಯವು ಅರ್ಥೈಸಿತು. ಸರಾಗವಾಗಿ ಹರಿಯುವುದು, ಸ್ಥಿರವಾಗಿರುವುದು, ತೇವವನ್ನು ಕಡಿಮೆ ಹೀರುವುದು ಇವು ತಯಾರಿಕೆಗೂ ಸಂಗ್ರಹಣೆಗೂ ಒಳ್ಳೆಯ ಗುಣಗಳೇ. ಆದರೆ ಚಿಕಿತ್ಸೆಯ ಶಕ್ತಿಗೆ ಸಂಬಂಧಿಸಿದವಲ್ಲ. ಲವಣವಾಗಿಲ್ಲದ ಇಮಾಟಿನಿಬ್‌ಗಿಂತ ಬೀಟಾ ರೂಪವು ದೇಹಕ್ಕೆ ಶೇಕಡ 30ರಷ್ಟು ಹೆಚ್ಚು ದೊರೆಯುತ್ತದೆಂದು ಇಲಿಗಳ ಮೇಲಿನ ಪ್ರಯೋಗದ ಆಧಾರದಿಂದ ವಾದಿಸಲಾಗಿತ್ತು. ಅಷ್ಟರಿಂದ ಚಿಕಿತ್ಸೆಯ ಫಲವೂ ಹೆಚ್ಚಿತೆಂದು ಊಹಿಸಲಾಗದು, ಅದನ್ನು ಸಂಶೋಧನೆಯ ಅಂಕಿಅಂಶಗಳಿಂದ ಸಿದ್ಧಪಡಿಸಬೇಕು ಎಂದು ನ್ಯಾಯಾಲಯವು ಹೇಳಿತು. ಹಂತಹಂತದ ಸುಧಾರಣೆಗಳಿಗೆಲ್ಲ ಪೇಟೆಂಟ್ ಇಲ್ಲವೆಂದು ಇದರ ಅರ್ಥವಲ್ಲವೆಂಬುದನ್ನೂ ಅದು ಸ್ಪಷ್ಟಪಡಿಸಿತು.

ಉಪಸಂಹಾರ

ಮೇಲಿನ ವಿವರಗಳಿಂದ ಎರಡು ಸಂಗತಿಗಳು ಮನದಟ್ಟಾಗುತ್ತವೆ. ಹರಳಿನ ರೂಪವು ಕ್ಷುಲ್ಲಕ ವಿಷಯವಲ್ಲ. ಅದನ್ನು ಅಲಕ್ಷಿಸಿದರೆ ಸರಿಯಾದ ಅಣುವುಳ್ಳ ಗುಳಿಗೆಯೂ ನಿರುಪಯುಕ್ತವಾಗಬಹುದು. ರಿಟೊನಾವಿರ್ ಇದಕ್ಕೆ ಸಾಕ್ಷಿ. ಹಾಗೆಯೇ, ರೂಪವು ಬೇರೆಯೆಂದ ಮಾತ್ರಕ್ಕೆ ಔಷಧವು ಉತ್ತಮವಾಯಿತೆಂದೂ ಹೇಳಲಾಗದು. ಇಮಾಟಿನಿಬ್ ಇದಕ್ಕೆ ಸಾಕ್ಷಿ. ‘ಇದು ಯಾವ ರೂಪ?’ ಎಂಬ ಪ್ರಶ್ನೆಗೆ ಕ್ಷ-ಕಿರಣವು ಉತ್ತರ ಕೊಡುತ್ತದೆ. ‘ಇದರಿಂದ ರೋಗಿಗೆ ಹೆಚ್ಚು ಗುಣವಾಗುತ್ತದೆಯೇ?’ ಎಂಬ ಪ್ರಶ್ನೆಗೆ ಉತ್ತರವನ್ನು ಕರಗುವಿಕೆಯ ಪರೀಕ್ಷೆಯಲ್ಲಿ, ರಕ್ತದ ಪರೀಕ್ಷೆಯಲ್ಲಿ, ಕೊನೆಗೆ ರೋಗಿಯ ಹಾಸಿಗೆಯ ಬಳಿಯಲ್ಲಿಯೇ ಅರಸಬೇಕು.

ಸಾಮಾನ್ಯ ನಾಗರಿಕರಿಗೆ ಕ್ಷ-ಕಿರಣ ಉಪಕರಣವು ದೊರೆಯಲಾರದು. ಆದರೆ ಹರಳಿನ ರೂಪವನ್ನು ಕಾಪಾಡುವುದರಲ್ಲಿ ಅವರಿಗೂ ಪಾಲುಂಟು. ಗುಳಿಗೆಗಳನ್ನು ಸೇವಿಸುವ ಹೊತ್ತಿನವರೆಗೂ ಮೂಲ ಪಟ್ಟಿಯಲ್ಲಿ ಅಥವಾ ಡಬ್ಬಿಯಲ್ಲಿಯೇ ಇಡಬೇಕು. ಡಬ್ಬಿಯೊಳಗಿನ ತೇವ ಹೀರುವ ಸಣ್ಣ ಚೀಲವನ್ನು ಎಸೆಯಬಾರದು. ಬಚ್ಚಲುಮನೆಯಲ್ಲಾಗಲಿ, ಒಲೆಯ ಬಳಿಯಲ್ಲಾಗಲಿ ಔಷಧವನ್ನು ಇಡಬಾರದು. ಮಳೆಗಾಲದಲ್ಲಿ ಈ ಎಚ್ಚರವು ಇಮ್ಮಡಿಯಾಗಿರಬೇಕು. ಗುಳಿಗೆಯ ಬಣ್ಣ, ಗಡುಸುತನ ಅಥವಾ ಆಕಾರದಲ್ಲಿ ವ್ಯತ್ಯಾಸ ಕಂಡರೆ ಅದನ್ನು ಸೇವಿಸುವ ಮೊದಲು ಔಷಧಿ ಅಂಗಡಿಯವರನ್ನೋ ವೈದ್ಯರನ್ನೋ ವಿಚಾರಿಸಬೇಕು. ಕಾರ್ಖಾನೆಯಲ್ಲಿ ಅಷ್ಟು ಶ್ರಮದಿಂದ ಕಟ್ಟಿದ ಅಣುಗಳ ಸಾಲು ಮನೆಯ ಕಪಾಟಿನಲ್ಲಿ ಕೆಡದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇದೆ.